ಕಾರಿನ ಕಾವು: ಮುಳ್ಳೂ ಬೀಸಣಿಗೆಯೂ

ಹಳೆಯ ಕಾರನ್ನು ಮಾರಲು ಮನಸ್ಸು ಬಾರದೆ ಉಳಿಸಿಕೊಂಡು ಬಂದಿರುವ ಮನೆಗಳು ನಮ್ಮ ಊರುಗಳಲ್ಲಿ ಇಂದಿಗೂ ಉಂಟು. ಒಂದು ಮನೆಯಲ್ಲಿ ತಂದೆಯವರ ಕಾಲದ ಅಂಬಾಸಡರ್, ಇನ್ನೊಂದರಲ್ಲಿ ಪ್ರೀಮಿಯರ್ ಪದ್ಮಿನಿ, ಮತ್ತೊಂದರಲ್ಲಿ ಮೊದಮೊದಲಿಗೆ ಬಂದ ಮಾರುತಿ 800. ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತೇಹೋಯಿತು. ಪದ್ಮಿನಿಯ ತಯಾರಿಕೆ ಅದಕ್ಕೂ ಹತ್ತಾರು ವರ್ಷ ಮೊದಲೇ ನಿಂತಿತ್ತು. ಆದರೆ ಹಬ್ಬಕ್ಕೋ ಮದುವೆಗೋ ಈ ಗಾಡಿಗಳನ್ನು ತೊಳೆದು ಹೊರಗೆ ತೆಗೆಯುವವರಿಗೆ ಇರುವ ಅಂಜಿಕೆ ಮಾತ್ರ ನಿಂತಿಲ್ಲ. ಅದು ಕಾವಿನ ಅಂಜಿಕೆ. ಪೇಟೆಯ ಸಂದಣಿಯಲ್ಲಿ ನಿಂತಿದ್ದಾಗ ಎದುರಿನ ಗೇಜಿನ ಮುಳ್ಳು ಮೆಲ್ಲನೆ ಮೇಲೇರತೊಡಗುತ್ತದೆ. ಎಂಜಿನ್ ಹೋಯಿತು ಎಂದು ಯಜಮಾನರ ಎದೆ ಕುಸಿಯುತ್ತದೆ.

ಎಂಜಿನ್ ಹೋಗಿರಬಹುದು, ಹೋಗದೆಯೂ ಇರಬಹುದು. ಮುಳ್ಳು ಸುಳ್ಳು ಹೇಳಿದ್ದಕ್ಕೆ ಎಂಜಿನ್ ಬಿಚ್ಚಿಸಿ ದುಡ್ಡು ಕಳೆದುಕೊಂಡವರಿದ್ದಾರೆ. ಮುಳ್ಳು ಸುಮ್ಮನಿದೆಯಲ್ಲ ಎಂದು ನಂಬಿ ಓಡಿಸಿ, ಸಿಲಿಂಡರಿನ ತಲೆಯನ್ನೇ ಬಾಗಿಸಿಕೊಂಡವರೂ ಇದ್ದಾರೆ. ಈ ಎರಡು ಬಗೆಯ ನಷ್ಟವೂ ಒಂದೇ ಅಜ್ಞಾನದಿಂದ ಬರುವಂಥವು. ಮುಳ್ಳು ಯಾವುದನ್ನು ಮುಟ್ಟಿ ಮಾತಾಡುತ್ತಿದೆ ಎಂಬುದು ನಮಗೆ ತಿಳಿಯದು. ಆ ಮುಳ್ಳು ಕಾರಿಗೆ ಹೇಗೆ ಬಂತು, ಬೀಸಣಿಗೆ ಹೇಗೆ ಬಂತು ಎಂಬ ಕಥೆಯನ್ನು ತಿಳಿದರೆ ರೋಗವನ್ನು ಗುರುತಿಸುವುದು ಅರ್ಧ ಸುಲಭವಾಗುತ್ತದೆ. ಆದ್ದರಿಂದ ಮೊದಲಿನಿಂದಲೇ ಹೊರಡೋಣ.

ಪೆಟ್ರೋಲು ಸುಟ್ಟು ಹುಟ್ಟುವ ಶಾಖವೆಲ್ಲ ಗಾಲಿ ತಿರುಗಿಸಲು ಒದಗುವುದಿಲ್ಲ. ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಹೊಗೆಯ ಕೊಳವೆಯಲ್ಲಿ ಹೋಗುತ್ತದೆ, ಇನ್ನೊಂದು ಪಾಲನ್ನು ಎಂಜಿನ್ನಿನ ಮೈಯಿಂದ ಹೊರಕ್ಕೆ ಸಾಗಿಸಲೇಬೇಕು. ಸಾಗಿಸದಿದ್ದರೆ ಪಿಸ್ಟನ್ ಉಬ್ಬಿ ಸಿಲಿಂಡರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ತನ್ನ ಮೂರು ಗಾಲಿಯ ಗಾಡಿಗೆ ಪೇಟೆಂಟು ಪಡೆದಾಗ ಇದಕ್ಕೆ ಕಂಡುಕೊಂಡ ಉಪಾಯ ತೀರ ಸರಳವಾದದ್ದು. ಎಂಜಿನ್ನಿನ ಸುತ್ತ ನೀರು ನಿಲ್ಲಿಸಿದ. ನೀರು ಕುದಿಯಿತು, ಆವಿಯಾಗಿ ಹೋಯಿತು, ಹೋಗುವಾಗ ಶಾಖವನ್ನೂ ಕೊಂಡೊಯ್ದಿತು. ಮುಗಿದ ನೀರಿಗೆ ಬದಲು ಬೇರೆ ನೀರು ಹೊಯ್ಯಬೇಕು, ಅಷ್ಟೆ.

ಅಷ್ಟೆ ಎಂದೆ. ಆದರೆ ಅದನ್ನು ದಾರಿಯಲ್ಲಿ ಮಾಡಿ ನೋಡಿದವಳು ಅವನ ಹೆಂಡತಿ ಬೆರ್ತಾ. 1888ರ ಆಗಸ್ಟ್ ತಿಂಗಳಲ್ಲಿ ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್ ಊರಿನಿಂದ ತವರಾದ ಫೋರ್ಟ್ಸ್‌ಹೈಮ್‌ಗೆ ಆಕೆ ಹೊರಟಳು. ದಾರಿ ನೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ವೀಸ್ಲೋಕ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಇಂಧನ ಕೊಂಡಳು, ಕಟ್ಟಿಕೊಂಡ ಇಂಧನದ ಕೊಳವೆಯನ್ನು ತನ್ನ ಟೋಪಿಯ ಸೂಜಿಯಿಂದ ಬಿಡಿಸಿದಳು. ಇವನ್ನು ಎಲ್ಲರೂ ಹೇಳುತ್ತಾರೆ. ಆದರೆ ಹಾದಿಯುದ್ದಕ್ಕೂ ಆಕೆಯನ್ನು ಮತ್ತೆ ಮತ್ತೆ ನಿಲ್ಲಿಸಿದ್ದು ಇಂಧನವಲ್ಲ, ನೀರು. ಸಿಕ್ಕ ಸಿಕ್ಕ ಕಡೆ ನೀರು ತುಂಬುತ್ತಲೇ ಹೋಗಬೇಕಾಯಿತು. ಜಗತ್ತಿನ ಮೊದಲ ದೂರದ ಕಾರು ಪ್ರಯಾಣದ ಚಿಂತೆಯೂ ನಮ್ಮ ಆಗುಂಬೆ ಘಾಟಿಯಲ್ಲಿ ಬಂಪರಿಗೆ ಕ್ಯಾನ್ವಾಸಿನ ನೀರಿನ ಚೀಲ ಕಟ್ಟಿಕೊಂಡು ಹತ್ತುತ್ತಿದ್ದವರ ಚಿಂತೆಯೂ ಒಂದೇ ಆಗಿತ್ತು.

ಹೀಗೆ ನೀರನ್ನು ಕುದಿಸಿ ಕಳೆಯುವ ಬದಲು ಅದೇ ನೀರನ್ನು ತಣಿಸಿ ಮತ್ತೆ ಬಳಸಬಾರದೇಕೆ? ಈ ಪ್ರಶ್ನೆಗೆ ಚೆನ್ನಾದ ಉತ್ತರ ಕೊಟ್ಟವನು ವಿಲ್‌ಹೆಲ್ಮ್ ಮೇಬಾಕ್. ಎಮಿಲ್ ಯೆಲಿನೆಕ್ ಎಂಬ ಶ್ರೀಮಂತನ ಬೇಡಿಕೆಯಂತೆ ಡೈಮ್ಲರ್ ಕಂಪನಿ ಕಟ್ಟಿದ 35 ಅಶ್ವಶಕ್ತಿಯ ಕಾರಿಗೆ ಯೆಲಿನೆಕನ ಮಗಳು ಮರ್ಸಿಡಿಸಳ ಹೆಸರನ್ನೇ ಇಟ್ಟರು. 1901ರ ಮಾರ್ಚಿಯಲ್ಲಿ ಫ್ರಾನ್ಸಿನ ನೀಸ್ ಪಟ್ಟಣದ ಸ್ಪರ್ಧೆಗಳಲ್ಲಿ ಅದು ಎಲ್ಲರನ್ನೂ ಹಿಂದಿಕ್ಕಿತು. ಆ ಕಾರಿನ ಮೂತಿಯಲ್ಲಿದ್ದದ್ದು ಜೇನುಗೂಡಿನಂಥ ರೇಡಿಯೇಟರು: 6 ಮಿಲಿಮೀಟರ್ ಅಗಲದ 8,070 ಚೌಕ ನಾಳಗಳು. ನಾಳಗಳೊಳಗೆ ಗಾಳಿ ಹರಿಯುತ್ತದೆ, ಅವುಗಳ ನಡುವಿನ ಸಂದುಗಳಲ್ಲಿ ನೀರು ಇಳಿಯುತ್ತದೆ. ಹಿಂದಿನ ಗಾಡಿಗೆ 18 ಲೀಟರ್ ನೀರು ಬೇಕಾಗಿದ್ದಲ್ಲಿ ಇದಕ್ಕೆ 9 ಲೀಟರ್ ಸಾಕಾಯಿತು.

ಶಬ್ದಗಳ ಅರ್ಥ ಕೇಳುವುದು ನನ್ನ ವೃತ್ತಿಯಾದ್ದರಿಂದ ಒಂದು ಮಾತು ಹೇಳಿಬಿಡುತ್ತೇನೆ. ರೇಡಿಯೇಟರ್ ಎಂದರೆ ಕಿರಣಗಳಂತೆ ಶಾಖವನ್ನು ಸೂಸುವುದು ಎಂದರ್ಥ. ಹೆಸರು ತಪ್ಪು. ಅದು ಸೂಸಿ ಕಳೆಯುವ ಶಾಖ ಅತ್ಯಲ್ಪ, ಗಾಳಿಯ ಕೈಗೆ ಒಪ್ಪಿಸುವುದೇ ಬಹುಪಾಲು. ಗಾಳಿ ಹಾಯದಿದ್ದರೆ ರೇಡಿಯೇಟರು ಬಿಸಿನೀರಿನ ಹಂಡೆ, ಮತ್ತೇನೂ ಅಲ್ಲ.

ಮೇಬಾಕನಿಗೆ ಇದು ಚೆನ್ನಾಗಿ ತಿಳಿದಿತ್ತು. ಗಾಡಿ ಓಡುವಾಗ ಗಾಳಿ ತಾನೇ ನುಗ್ಗುತ್ತದೆ, ನಿಂತರೆ ಅಥವಾ ನಿಧಾನವಾಗಿ ಏರು ಹತ್ತುವಾಗ ಗಾಳಿ ಬಾರದು. ಅದಕ್ಕೆಂದೇ ರೇಡಿಯೇಟರಿನ ಹಿಂದೆ ಒಂದು ಫ್ಯಾನನ್ನು ಇರಿಸಿದ. ಫ್ಯಾನು ಹುಟ್ಟಿದ ಈ ಕಾರಣವನ್ನು ದಯವಿಟ್ಟು ನೆನಪಿನಲ್ಲಿಡಿ. ನಿಮ್ಮ ಕಾರು ಪೇಟೆಯಲ್ಲಿ ಕಾಯ್ದು, ಹೆದ್ದಾರಿಯಲ್ಲಿ ತಣ್ಣಗಾಗುವುದಾದರೆ ಮೊದಲು ಅನುಮಾನಿಸಬೇಕಾದದ್ದು ಫ್ಯಾನನ್ನು. ಪೇಟೆಯಲ್ಲಿ ಚೆನ್ನಾಗಿದ್ದು, ಹೆದ್ದಾರಿಯ ವೇಗದಲ್ಲಿ ಕಾಯುವುದಾದರೆ ಫ್ಯಾನಿನ ತಪ್ಪಲ್ಲ. ನೀರು ಹರಿಯುತ್ತಿಲ್ಲ, ರೇಡಿಯೇಟರಿನಲ್ಲಿ ಕಸ ಕಟ್ಟಿದೆ, ಇಲ್ಲವೆ ನೀರೇ ಕಡಿಮೆಯಿದೆ. ಎಲ್ಲೆಂದರಲ್ಲಿ ಕಾಯ್ದರೆ ಎರಡು ದೋಷವೂ ಇರಬಹುದು, ಗೇಜಿನದೇ ತಪ್ಪೂ ಇರಬಹುದು. ಮೆಕ್ಯಾನಿಕ್ಕಿನ ಬಳಿಗೆ ಹೋಗಿ ಬರಿದೆ 'ಹೀಟ್ ಆಗುತ್ತದೆ' ಎನ್ನುವವರೇ ಹೆಚ್ಚು. ಎಲ್ಲಿ, ಯಾವಾಗ ಎಂಬುದನ್ನೂ ಹೇಳಿದರೆ ಅವನ ಅರ್ಧ ದಿನ ಉಳಿಯುತ್ತದೆ, ನಿಮ್ಮ ದುಡ್ಡೂ ಉಳಿಯುತ್ತದೆ.

ನೀರು ಹರಿಯುವುದಾದರೂ ಹೇಗೆ? 1908ರಲ್ಲಿ ಹೊರಬಂದ ಫೋರ್ಡಿನ ಟಿ ಮಾದರಿಯ ಮೊದಲ 2,500 ಕಾರುಗಳಲ್ಲಿ ನೀರಿನ ಪಂಪಿತ್ತು. ಬಳಿಕ ಫೋರ್ಡ್ ಅದನ್ನು ತೆಗೆದೇಬಿಟ್ಟ. ಬಿಸಿನೀರು ಹಗುರ, ತಣ್ಣೀರು ಭಾರ. ಬಿಸಿನೀರು ತಾನಾಗಿ ಮೇಲೇರಿ ರೇಡಿಯೇಟರಿನ ನೆತ್ತಿಗೆ ಹೋಗುತ್ತದೆ, ತಣಿದು ಕೆಳಗಿಳಿದು ಮತ್ತೆ ಎಂಜಿನ್ನಿಗೆ ಬರುತ್ತದೆ. ಪಂಪಿನ ಖರ್ಚು ಉಳಿಯಿತು. 1927ರವರೆಗೆ ಒಂದೂವರೆ ಕೋಟಿಗೂ ಮೇಲ್ಪಟ್ಟು ಅಂಥ ಕಾರುಗಳು ಬಂದವು. ಆದರೆ ಈ ಏರ್ಪಾಡಿಗೆ ಒಂದು ನಿಯಮವಿತ್ತು: ನೀರಿನ ಮಟ್ಟ ಮೇಲಿನ ಕೊಳವೆಯ ಬಾಯಿಗಿಂತ ಕೆಳಗಿಳಿಯಕೂಡದು. ಇಳಿದರೆ ಸುತ್ತು ಕಡಿದುಹೋಗುತ್ತದೆ. ರೇಡಿಯೇಟರಿನಲ್ಲಿ ಇನ್ನೂ ಅರ್ಧ ನೀರಿದ್ದರೂ ಎಂಜಿನ್ ಬೇಯತೊಡಗುತ್ತದೆ.

ಆಗಿನ ಸವಾರನಿಗೆ ಇದು ತಿಳಿಯುತ್ತಿದ್ದುದು ಮುಚ್ಚಳದಿಂದ ಹಬೆ ಎದ್ದಾಗ ಮಾತ್ರ. ಅಷ್ಟರಲ್ಲಿ ತಡವಾಗಿರುತ್ತಿತ್ತು. ಅಮೆರಿಕದ ಹ್ಯಾರಿಸನ್ ಬಾಯ್ಸ್ ಎಂಬಾತ 1912ರಲ್ಲಿ ಇದಕ್ಕೆ ಪೇಟೆಂಟು ಪಡೆದ ಉಪಾಯ ಮುದ್ದಾಗಿದೆ. ರೇಡಿಯೇಟರಿನ ಮುಚ್ಚಳಕ್ಕೇ ಒಂದು ಉಷ್ಣಮಾಪಕವನ್ನು ಸಿಕ್ಕಿಸಿದ. ಮುಂಗಾಜಿನ ಮೂಲಕ ನೋಡಿದರೆ ಮೂತಿಯ ತುದಿಯಲ್ಲಿ ದುಂಡನೆಯ ಕನ್ನಡಿಯೊಳಗೆ ಕೆಂಪು ಕಡ್ಡಿ ಏರುವುದು ಕಾಣುತ್ತಿತ್ತು. ಬಾಯ್ಸ್ ಮೋಟೋಮೀಟರ್ ಎಂಬ ಇದು ಜನಪ್ರಿಯವಾಗಿ, ಹಲವು ಕಾರುಗಳ ಮೂತಿಗೆ ಕಿರೀಟದಂತೆ ಕುಳಿತಿತು.

ಆದರೆ ಅದರ ಬುಡ ಮುಟ್ಟುತ್ತಿದ್ದುದು ನೀರನ್ನಲ್ಲ, ನೀರಿನ ಮೇಲಿನ ಹಬೆಯನ್ನು. ಎಂಜಿನ್ನಿನ ಒಡಲಲ್ಲಿ ಏನಾಗುತ್ತಿದೆ ಎಂಬುದನ್ನು ಅದು ಹೇಳುತ್ತಿರಲಿಲ್ಲ. ತನ್ನ ಕಾಲಡಿಗೆ ಬಂದುದನ್ನಷ್ಟೇ ಹೇಳುತ್ತಿತ್ತು. ನೂರು ವರ್ಷ ಕಳೆದರೂ ಎಲ್ಲ ಗೇಜುಗಳ ಸ್ವಭಾವ ಇದೇ ಆಗಿದೆ. ಇಂದಿನ ಸೆನ್ಸರು ನೀರಿನಲ್ಲಿ ಮುಳುಗಿರುವಂತೆ ಎಂಜಿನ್ನಿಗೆ ಕೂರಿಸಿದ್ದು. ಪೈಪೊಂದು ಒಡೆದು ನೀರೆಲ್ಲ ಸುರಿದುಹೋದರೆ ಅದು ಬರಿಯ ಗಾಳಿಯಲ್ಲಿ ನಿಲ್ಲುತ್ತದೆ. ಆಗ ಮುಳ್ಳು ಏರುವ ಬದಲು ಇಳಿಯಲೂಬಹುದು. ಚೆನ್ನಾಗಿ ಓಡುತ್ತಿದ್ದ ಕಾರಿನ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ, 'ಗೇಜು ಕೆಟ್ಟಿತು, ಊರು ಸೇರಿ ನೋಡೋಣ' ಎನ್ನಬೇಡಿ. ಆ ಕ್ಷಣವೇ ಗಾಡಿ ನಿಲ್ಲಿಸಿ. ಏರುವ ಮುಳ್ಳಿಗಿಂತ ಬೀಳುವ ಮುಳ್ಳು ಹೆಚ್ಚು ಎಂಜಿನ್ನುಗಳನ್ನು ತಿಂದಿರಬೇಕೆಂದು ನನಗೆ ಅನಿಸುತ್ತದೆ. ಏರುವುದನ್ನು ಕಂಡರೆ ಎಲ್ಲರೂ ಹೆದರಿ ನಿಲ್ಲುತ್ತಾರಲ್ಲ!

ಮುಚ್ಚಳದ ಮೇಲಿದ್ದ ಮಾಪಕ ಚಾಲಕನ ಎದುರಿನ ಹಲಗೆಗೆ ಬಂದದ್ದು ಎರಡು ಮೆಟ್ಟಿಲುಗಳಲ್ಲಿ. ಮೊದಲ ಮೆಟ್ಟಿಲಿಗೆ ನೆರವಾದದ್ದು ಫ್ರಾನ್ಸಿನ ಯೂಜೀನ್ ಬೂರ್ದೋ 1849ರಲ್ಲಿ ಹಬೆಯಂತ್ರಗಳಿಗಾಗಿ ಪೇಟೆಂಟು ಪಡೆದ ಬಾಗಿದ ನಳಿಗೆ. ಒಳಗೆ ಒತ್ತಡ ಹೆಚ್ಚಿದರೆ ನಳಿಗೆ ನೆಟ್ಟಗಾಗಲು ನೋಡುತ್ತದೆ, ಅದಕ್ಕೆ ಕಟ್ಟಿದ ಮುಳ್ಳು ತಿರುಗುತ್ತದೆ. ಎಂಜಿನ್ನಿನಲ್ಲಿ ಒಂದು ಸಣ್ಣ ಬುರುಡೆ, ಅದರೊಳಗೆ ಈಥರಿನಂಥ ಬೇಗ ಆವಿಯಾಗುವ ದ್ರವ, ಅಲ್ಲಿಂದ ಗೇಜಿನವರೆಗೆ ಕೂದಲಿನಷ್ಟು ಸಣ್ಣ ರಂಧ್ರದ ತಾಮ್ರದ ಕೊಳವೆ. ವಿದ್ಯುತ್ತಿನ ಹಂಗಿಲ್ಲ. ಇಂಥ ಗೇಜಿನ ಮುಳ್ಳು ಎಂಜಿನ್ ಎಷ್ಟು ಕಾಯ್ದರೂ ಮೇಲೇಳದಿದ್ದರೆ ಕೊಳವೆ ಎಲ್ಲೋ ಸೀಳಿದೆ, ದ್ರವ ಹಾರಿಹೋಗಿದೆ ಎಂದೇ ಅರ್ಥ. ತಂತಿಯಂತೆ ಕಾಣುತ್ತದೆಂದು ಅದನ್ನು ಕತ್ತರಿಸಿ ಗಂಟು ಹಾಕಿದರೆ ಗೇಜು ಅಲ್ಲಿಗೆ ಮುಗಿಯಿತು.

ಎರಡನೆಯ ಮೆಟ್ಟಿಲು ವಿದ್ಯುತ್ತಿನದು. 1833ರಲ್ಲಿ ಮೈಕೇಲ್ ಫ್ಯಾರಡೆ ಒಂದು ವಿಚಿತ್ರವನ್ನು ಕಂಡಿದ್ದ. ಲೋಹಗಳು ಕಾದಷ್ಟೂ ವಿದ್ಯುತ್ತಿಗೆ ಅಡ್ಡಿ ಹೆಚ್ಚಿಸುತ್ತವೆ. ಬೆಳ್ಳಿಯ ಸಲ್ಫೈಡು ಮಾತ್ರ ಕಾದಷ್ಟೂ ಸಲೀಸಾಗಿ ವಿದ್ಯುತ್ತನ್ನು ಬಿಡುತ್ತದೆ. ಸುಮಾರು ನೂರು ವರ್ಷ ಇದು ಪುಸ್ತಕದ ವಿಚಿತ್ರವಾಗಿಯೇ ಉಳಿದಿದ್ದು, ಆಮೇಲೆ ಥರ್ಮಿಸ್ಟರ್ ಎಂಬ ಹೆಸರಿನಲ್ಲಿ ಬಳಕೆಗೆ ಬಂತು. ಕಾರಿನ ಸೆನ್ಸರಿನೊಳಗೆ ಇರುವುದು ಇದೇ ಜಾತಿಯ ಗುಂಡಿ. ನೀರು ಕಾದಷ್ಟೂ ಹೆಚ್ಚು ವಿದ್ಯುತ್ತು ಹರಿಯುತ್ತದೆ, ಗೇಜಿನೊಳಗಿನ ಜೋಡಿ ಲೋಹದ ಪಟ್ಟಿ ಆ ವಿದ್ಯುತ್ತಿನಿಂದ ಬಿಸಿಯಾಗಿ ಬಾಗುತ್ತದೆ, ಮುಳ್ಳು ಏರುತ್ತದೆ.

ಈ ಗುಣ ತಿಳಿದವರು ಬೀದಿಯಲ್ಲೇ ಪರೀಕ್ಷೆ ಮಾಡಬಹುದು. ಕೀಲಿ ತಿರುಗಿಸಿಟ್ಟು ಸೆನ್ಸರಿನ ತಂತಿಯನ್ನು ಕಳಚಿ. ಮುಳ್ಳು ತಣ್ಣಗಿನ ತುದಿಗೆ ಇಳಿಯಬೇಕು. ಆ ತಂತಿಯ ತುದಿಯನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಒಂದು ಕ್ಷಣ ಮಾತ್ರ ಮುಟ್ಟಿಸಿ. ಮುಳ್ಳು ಬಿಸಿಯ ತುದಿಯತ್ತ ಏಳಬೇಕು. ಹೀಗೆ ಇಳಿದೂ ಎದ್ದೂ ತೋರಿಸಿದರೆ ಗೇಜೂ ತಂತಿಯೂ ಚೆನ್ನಾಗಿವೆ. ಆಗ ಇರುವ ಅನುಮಾನ ಸೆನ್ಸರಿನದು, ಇಲ್ಲವೆ ಎಂಜಿನ್ ನಿಜವಾಗಿಯೇ ಕಾಯುತ್ತಿದೆ. ತಂತಿ ಕಳಚಿದರೂ ಮುಳ್ಳು ಮೇಲೆಯೇ ನಿಂತಿದ್ದರೆ ತಂತಿ ಎಲ್ಲೋ ಸವೆದು ಮೈಗೆ ತಾಗುತ್ತಿದೆ. ಒಂಟಿ ತಂತಿಯ ಸೆನ್ಸರಿರುವ ಹಳೆಯ ಬಗೆಯ ಕಾರುಗಳಿಗೆ ಈ ಮಾತು ಬಹುಮಟ್ಟಿಗೆ ಒಪ್ಪುತ್ತದೆ. ಕಂಪ್ಯೂಟರು ಬಂದ ಮೇಲಿನ ಗಾಡಿಗಳಲ್ಲಿ ಈ ಪ್ರಯೋಗಕ್ಕೆ ಕೈಹಾಕಬೇಡಿ.

ಇನ್ನೊಂದು ಸೂಕ್ಷ್ಮವುಂಟು. ಬ್ಯಾಟರಿಯ ಒತ್ತಡ ಏರಿಳಿಯುತ್ತಲೇ ಇರುತ್ತದೆ, ಅದಕ್ಕೆ ತಕ್ಕಂತೆ ಮುಳ್ಳೂ ಕುಣಿಯಬಾರದೆಂದು ಬ್ರಿಟಿಷ್ ಮಾದರಿಯ ಅನೇಕ ಕಾರುಗಳಲ್ಲಿ ಸುಮಾರು 10 ವೋಲ್ಟಿಗೆ ಒತ್ತಡವನ್ನು ಹಿಡಿದಿಡುವ ಒಂದು ಪುಟ್ಟ ಡಬ್ಬಿಯನ್ನು ಇಟ್ಟರು. ಉಷ್ಣದ ಗೇಜಿಗೂ ಪೆಟ್ರೋಲಿನ ಗೇಜಿಗೂ ಆ ಡಬ್ಬಿ ಒಂದೇ. ಅದು ಕೆಟ್ಟರೆ ಎರಡು ಮುಳ್ಳುಗಳೂ ಒಟ್ಟಿಗೆ ತಪ್ಪುತ್ತವೆ. ಕಾರು ಕಾಯುತ್ತಿದೆ ಎಂದು ಗಾಬರಿಯಾದಾಗ ಪಕ್ಕದ ಪೆಟ್ರೋಲಿನ ಮುಳ್ಳನ್ನೂ ಒಮ್ಮೆ ನೋಡಿ. ಅರ್ಧ ಟ್ಯಾಂಕು ಹಾಕಿಸಿದ್ದು ತುಂಬಿದಂತೆ ತೋರಿಸುತ್ತಿದ್ದರೆ, ದೋಷ ಎಂಜಿನ್ನಿನದಲ್ಲ, ಡಬ್ಬಿಯದು.

ಈಗ ನೀರಿನ ಕಡೆಗೆ ಮರಳೋಣ. ಎಂಜಿನ್ ಅತಿಯಾಗಿ ಕಾಯಬಾರದು, ಹಾಗೆಯೇ ಅತಿಯಾಗಿ ತಣ್ಣಗಿರಲೂಬಾರದು. ಅದಕ್ಕೆಂದು ನೀರಿನ ದಾರಿಯಲ್ಲಿ ಥರ್ಮೋಸ್ಟ್ಯಾಟ್ ಎಂಬ ಬಾಗಿಲನ್ನು ಇರಿಸಿದರು. 1914ರ ಎಂಟು ಸಿಲಿಂಡರಿನ ಕ್ಯಾಡಿಲಾಕ್ ಇದನ್ನು ಬಳಸಿದ ಮೊದಲಿಗರಲ್ಲಿ ಒಂದು. 1930ರ ದಶಕದಲ್ಲಿ ಸೆರ್ಜಿಯಸ್ ವರ್ನೆ ಎಂಬಾತ ಕರಗಿ ಉಬ್ಬುವ ಮೇಣದಿಂದ ಕೆಲಸ ಮಾಡುವ ಬಾಗಿಲನ್ನು ಕಂಡುಹಿಡಿದ, ಇಂದಿಗೂ ಅದೇ ನಡೆಯುತ್ತಿದೆ. ನಮ್ಮ ಸೆಕೆಯ ನಾಡಿಗೆ ಇದು ಬೇಡವೆಂದು ಕಿತ್ತೆಸೆಯುವ ಮೆಕ್ಯಾನಿಕ್ಕುಗಳು ಬಹಳ. ಅವರ ಮಾತನ್ನು ನಾನು ಒಪ್ಪಲಾರೆ. ಕಿತ್ತರೆ ಎಂಜಿನ್ ಹದವಾದ ಕಾವಿಗೆ ಬರುವುದೇ ನಿಧಾನವಾಗಿ ಪೆಟ್ರೋಲು ಹೆಚ್ಚು ಉರಿಯುತ್ತದೆ, ಸವೆತವೂ ಹೆಚ್ಚು. ಕೆಲವು ಎಂಜಿನ್ನುಗಳಲ್ಲಂತೂ ನೀರು ರೇಡಿಯೇಟರಿಗೆ ಹೋಗದೆ ಒಳದಾರಿಯಲ್ಲೇ ಸುತ್ತಿ ಮತ್ತಷ್ಟು ಕಾಯುತ್ತದೆ. ಅನುಮಾನವಿದ್ದರೆ ಅದನ್ನು ಬಿಚ್ಚಿ, ದಾರ ಕಟ್ಟಿ, ಅಡುಗೆಗೆ ಬಳಸದ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಒಲೆಯ ಮೇಲಿಡಿ. ಮೇಲೆ 82 ಎಂದು ಕೊರೆದಿದ್ದರೆ ಸುಮಾರು 82 ಡಿಗ್ರಿಗೆ ಬಾಗಿಲು ತೆರೆಯತೊಡಗಬೇಕು. ನೀರು ಕುದಿದರೂ ತೆರೆಯದಿದ್ದರೆ ಕಾವಿನ ಕಾರಣ ಸಿಕ್ಕಂತಾಯಿತು.

ಮುಚ್ಚಳದ ಕಥೆಯನ್ನು ಮನೆಯ ಹೆಂಗಸರು ನನಗಿಂತ ಚೆನ್ನಾಗಿ ಬಲ್ಲರು. ಅದು ಪ್ರೆಷರ್ ಕುಕ್ಕರಿನ ಕಥೆಯೇ. ಒತ್ತಡ ಹೆಚ್ಚಿದರೆ ನೀರು ಕುದಿಯುವ ಅಂಶ ಮೇಲೇರುತ್ತದೆ. ಚದರ ಅಂಗುಲಕ್ಕೆ 15 ಪೌಂಡಿನ ಒತ್ತಡದಲ್ಲಿ ನೀರು ಕುದಿಯುವುದು 121 ಡಿಗ್ರಿಗೆ. ಬರಿಯ ಮುಚ್ಚಳದಡಿಯ ನೀರು ಬೆಂಗಳೂರಿನ ಎತ್ತರದಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಉದಕಮಂಡಲದ ಎತ್ತರದಲ್ಲಿ 93 ಡಿಗ್ರಿ ಸಹ ಬೇಕಾಗಿಲ್ಲ. ಮೈಸೂರಿನಿಂದ ಹೊರಟು ಮಸಿನಗುಡಿಯ ಮೇಲೆ ಕಲ್ಲಹಟ್ಟಿಯ 36 ತಿರುವುಗಳನ್ನು ಹತ್ತುವ ಹಳೆಯ ಕಾರಿಗೆ ಎರಡು ಕಷ್ಟಗಳು ಒಮ್ಮೆಗೇ ಬರುತ್ತವೆ: ಕೆಳ ಗೇರಿನಲ್ಲಿ ದುಡಿತ ಹೆಚ್ಚು, ಗಾಳಿ ಕಡಿಮೆ; ಮೇಲೆ ಹೋದಷ್ಟೂ ನೀರು ಬೇಗ ಕುದಿಯುತ್ತದೆ. ಮುಚ್ಚಳದ ರಬ್ಬರು ಒಣಗಿ ಒತ್ತಡ ನಿಲ್ಲದಿದ್ದರೆ, ಮಿಕ್ಕೆಲ್ಲ ಸರಿಯಿದ್ದರೂ ಆ ಕಾರು ಅಲ್ಲಿ ಕುದಿಯುತ್ತದೆ. ಕಾದ ಎಂಜಿನ್ನಿನ ಮುಚ್ಚಳವನ್ನು ತೆರೆಯುವುದು, ಸೀಟಿ ಹೊಡೆಯುತ್ತಿರುವ ಕುಕ್ಕರನ್ನು ತೆರೆದಂತೆ. ಮುಖ ಸುಟ್ಟುಕೊಂಡವರಿದ್ದಾರೆ. ನೆರಳಿನಲ್ಲಿ ನಿಲ್ಲಿಸಿ, ಅರ್ಧ ಗಂಟೆಯಾದರೂ ಕಾದು, ಮೇಲಿನ ಪೈಪು ಕೈಗೆ ತಾಳುವಷ್ಟಾದ ಮೇಲೆ ದಪ್ಪ ಬಟ್ಟೆ ಹಿಡಿದು ನಿಧಾನವಾಗಿ ತಿರುಗಿಸಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರಿಯುವ ಸಂಭವವುಂಟು. ಬೋರ್‌ವೆಲ್ಲಿನ ಗಡಸು ನೀರು ಬಚ್ಚಲ ಹಂಡೆಯಲ್ಲಿ ಸುಣ್ಣ ಕಟ್ಟುವಂತೆ ರೇಡಿಯೇಟರಿನಲ್ಲೂ ಕಟ್ಟುತ್ತದೆ. ದಾರಿಯಲ್ಲಿ ಹೊಯ್ದುಕೊಂಡರೂ ಊರಿಗೆ ಬಂದ ಮೇಲೆ ಚೆಲ್ಲಿ, ಕೂಲೆಂಟ್ ತುಂಬಿಸಿ.

ಫ್ಯಾನಿನ ಕಥೆ ಮುಗಿಯಲಿಲ್ಲ. ಬಹುಕಾಲ ಅದನ್ನು ತಿರುಗಿಸಿದ್ದು ಎಂಜಿನ್ನಿನ ಬೆಲ್ಟು. ಅಂಬಾಸಡರಿನ 1,489 ಸಿ.ಸಿ. ಎಂಜಿನ್ನಿನಲ್ಲಿ ನೀರಿನ ಪಂಪಿನ ದಂಡಕ್ಕೇ ಫ್ಯಾನು ಕಟ್ಟಿದೆ, ಅದೇ ಬೆಲ್ಟು ಡೈನಮೋವನ್ನೂ ತಿರುಗಿಸುತ್ತದೆ. ಹಾಗಾಗಿ ಮುಳ್ಳು ಏರುವಾಗಲೇ ಚಾರ್ಜಿನ ಕೆಂಪು ದೀಪವೂ ಹತ್ತಿದರೆ ಬೆಲ್ಟು ಹರಿದಿದೆ ಎಂದು ಬಾನೆಟ್ ತೆರೆಯದೆಯೇ ಹೇಳಬಹುದು. 1959ರಲ್ಲಿ ಅಲೆಕ್ ಇಸಿಗೊನಿಸ್ ಮಿನಿ ಕಾರಿನಲ್ಲಿ ಎಂಜಿನ್ನನ್ನು ಅಡ್ಡಲಾಗಿ ಮಲಗಿಸಿದ. ಬೆಲ್ಟಿನ ಫ್ಯಾನು ಪಕ್ಕಕ್ಕೆ ಬಂತು, ಅದರ ಜತೆಗೆ ರೇಡಿಯೇಟರನ್ನೂ ಪಕ್ಕಕ್ಕೇ ಒಯ್ದು, ಗಾಳಿಯನ್ನು ಚಕ್ರದ ಮರೆಯತ್ತ ದೂಡುವಂತೆ ಫ್ಯಾನಿನ ಎಲೆಗಳನ್ನು ತಿರುವಿಸಿದ. ಹತ್ತು ವರ್ಷದ ಬಳಿಕ, 1969ರ ಫಿಯಟ್ 128 ಕಾರಿನಲ್ಲಿ ದಾಂತೆ ಜಾಕೋಸ ಎಂಜಿನ್ನನ್ನು ಅಡ್ಡಲಾಗಿಯೇ ಇಟ್ಟು, ರೇಡಿಯೇಟರನ್ನು ಮುಂದಕ್ಕೆ ತಂದು, ಅದರ ಫ್ಯಾನಿಗೆ ಪ್ರತ್ಯೇಕ ವಿದ್ಯುತ್ ಮೋಟರು ಕೊಟ್ಟ. 1983ರ ಡಿಸೆಂಬರಿನಲ್ಲಿ ನಮ್ಮಲ್ಲಿಗೆ ಬಂದ ಮಾರುತಿ 800 ಕೂಡ ಅಡ್ಡ ಎಂಜಿನ್ನಿನ ಈ ಸಂತತಿಯದೇ. ಅದರ ಫ್ಯಾನು ಸದಾ ತಿರುಗುವುದಿಲ್ಲ. ನೀರು ಕಾದಾಗ ಶಾಖದ ಸ್ವಿಚ್ಚು ಕೂಡಿಕೊಂಡು ತಿರುಗುತ್ತದೆ, ತಣಿದಾಗ ನಿಲ್ಲುತ್ತದೆ. ಅಂಬಾಸಡರಿನಿಂದ ಮಾರುತಿಗೆ ಬಂದವರು ಮೊದಲು ಹೆದರಿದ್ದು ಫ್ಯಾನು ನಿಂತಿರುವುದನ್ನು ಕಂಡೇ.

ಆದರೆ ಮುಳ್ಳು ಮೇಲೇರಿದರೂ ಅದು ತಿರುಗದಿದ್ದರೆ ಹೀಗೆ ಮಾಡಬೇಕು. ಫ್ಯೂಸು ನೋಡಿ. ಬಳಿಕ ಸ್ವಿಚ್ಚಿನ ಎರಡು ತಂತಿಗಳನ್ನು ಕಳಚಿ ಒಂದಕ್ಕೊಂದು ಕೂಡಿಸಿ. ಫ್ಯಾನು ತಿರುಗಿದರೆ ಮೋಟರು ಚೆನ್ನಾಗಿದೆ, ಸ್ವಿಚ್ಚು ಸತ್ತಿದೆ, ಅಥವಾ ನೀರು ತಗ್ಗಿ ಬಿಸಿ ಅದನ್ನು ಮುಟ್ಟುತ್ತಿಲ್ಲ. ಬಾಯ್ಸನ ಹಳೆಯ ತೊಡಕೇ. ತಿರುಗದಿದ್ದರೆ ಬ್ಯಾಟರಿಯಿಂದ ಮೋಟರಿಗೆ ನೇರವಾಗಿ ತಂತಿ ಕೊಟ್ಟು ನೋಡಿ. ಆಗ ತಿರುಗಿದರೆ ದೋಷ ರಿಲೇಯಲ್ಲೋ ನಡುವಿನ ತಂತಿಯಲ್ಲೋ ಇದೆ, ಆಗಲೂ ತಿರುಗದಿದ್ದರೆ ಮೋಟರಿನದು. ಕೆಲವು ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ಈ ಫ್ಯಾನು ಇದ್ದಕ್ಕಿದ್ದಂತೆ ಹೊರಡುತ್ತದೆ. ಆದ್ದರಿಂದ ಬ್ಯಾಟರಿಯ ತಂತಿ ಬಿಚ್ಚದೆ ಎಲೆಗಳ ನಡುವೆ ಕೈ ಹಾಕಬೇಡಿ.

ಮೋಟರು ಬದಲಾಯಿಸಿದ ಮೇಲೂ ಕಾರು ಕಾಯುತ್ತಿದ್ದರೆ ಒಂದು ಸಣ್ಣ ಪರೀಕ್ಷೆ ಉಳಿದಿದೆ. ಈ ಮೋಟರಿಗೆ ತಂತಿಗಳನ್ನು ಅದಲುಬದಲು ಕೊಟ್ಟರೆ ಅದು ತಿರುಗುವುದೇನೋ ತಿರುಗುತ್ತದೆ, ಉಲ್ಟಾ ತಿರುಗುತ್ತದೆ; ಎದುರಿನಿಂದ ಬರುವ ಗಾಳಿಯನ್ನೇ ಹಿಂದಕ್ಕೆ ದೂಡುತ್ತದೆ. ಫ್ಯಾನು ರೇಡಿಯೇಟರಿನ ಹಿಂದಿರುವ ಕಾರಾದರೆ, ಅದು ಓಡುತ್ತಿರುವಾಗ ರೇಡಿಯೇಟರಿನ ಮುಂದೆ ಒಂದು ಹಾಳೆ ಹಿಡಿಯಿರಿ. ಹಾಳೆ ಜಾಲರಿಗೆ ಅಂಟಿಕೊಂಡರೆ ತಂತಿ ಸರಿಯಾಗಿದೆ. ನಿಮ್ಮ ಕಡೆಗೆ ಹಾರಿ ಬಂದರೆ, ಎರಡು ತಂತಿಗಳನ್ನು ಅದಲುಬದಲು ಮಾಡಿಸಿ.